ಎದೆನೋವು ಶುರುವಾದ ಹೊತ್ತನ್ನು ಯಾರು ಬರೆದಿಡುತ್ತಾರೆ?

ಮಾನ್ಯ ಸಂಪಾದಕರೇ,

2025ರ ಮುಂಗಾರಿನ ಹೊತ್ತಿಗೆ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಬೆನ್ನಿಗೊಂದು ಬರತೊಡಗಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತದ್ದನ್ನು ಪತ್ರಿಕೆಗಳು ಚಿತ್ರಸಹಿತ ಪ್ರಕಟಿಸಿದ್ದವು. ಆ ಅಂಜಿಕೆ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೂ ತಟ್ಟದೆ ಇರಲಿಲ್ಲ. ಗಟ್ಟಿಮುಟ್ಟಾಗಿದ್ದವರೂ ಇಸಿಜಿ ತೆಗೆಸಿಕೊಂಡು, ಎಲ್ಲ ಸರಿ ಇದೆ ಎಂದು ಕೇಳಿಸಿಕೊಂಡು ಮನೆಗೆ ಹೋದರು. ಅಂಜಿಕೆ ಇಳಿದ ಮೇಲೆ ವಿಷಯವೂ ಹಿಂದೆ ಸರಿಯಿತು. ಮುಂದೆ ಇಂಥ ಸುದ್ದಿ ನಮ್ಮದೇ ಜಿಲ್ಲೆಗಳಿಂದ ಬಂದರೆ ಅದು ನಿಜವಾಗಿ ಹೆಚ್ಚಳವೋ ಅಲ್ಲವೋ ಎಂದು ಹೇಳಲು ನಮ್ಮ ಕೈಯಲ್ಲಿ ಏನಿದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಪತ್ರ ತುಸು ಉದ್ದವಾಗಿದೆ, ಮನ್ನಿಸಬೇಕು.

ನಾನು ವೈದ್ಯನಲ್ಲ. ಧಾರವಾಡದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಆಮೇಲೆ ಕೆಲವು ವರ್ಷ, ರೋಗಿಗಳ ಮೇಲಿನ ಪ್ರಯೋಗಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಆಸ್ಪತ್ರೆಯೊಂದರ ನೈತಿಕ ಸಮಿತಿಯಲ್ಲಿ, ನಿಯಮದ ಪ್ರಕಾರ ಇರಲೇಬೇಕಾದ ಜನಸಾಮಾನ್ಯರ ಪರವಾದ ಸದಸ್ಯನಾಗಿ ಕೂತವನು. ಆ ಅನುಭವದ ಮೇಲೆ ಹೇಳುವ ಮಾತಿದು: ಹೃದ್ರೋಗವನ್ನು ಪತ್ತೆಹಚ್ಚುವ ಮತ್ತು ಗುಣಪಡಿಸುವ ಬಗ್ಗೆ ಇವತ್ತು ವೈದ್ಯರಿಗೆ ಗೊತ್ತಿರುವುದರಲ್ಲಿ ಬಹುಪಾಲು, ಸಾವಿರಾರು ರೋಗಿಗಳನ್ನು ಎಣಿಸಿ, ಗುಂಪುಗಳನ್ನಾಗಿ ಹೋಲಿಸಿ, ತಿಂಗಳು ವರ್ಷಗಟ್ಟಲೆ ಅವರ ಜಾಡು ಹಿಡಿದು ಕಲಿತದ್ದು. ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ರೋಗಿಗಳು ಆ ಎಣಿಕೆಯೊಳಗೆ ಸರಿಯಾಗಿ ಬಂದಿಲ್ಲ, ಬರುವಂತೆ ಮಾಡುವ ಕೆಲಸ ತೀರಾ ಕಷ್ಟದ್ದೂ ಅಲ್ಲ.

ಮೊದಲು ಹಾಸನದ ಮಾತನ್ನೇ ಮುಗಿಸುತ್ತೇನೆ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಅಸಹಜ ಏರಿಕೆ ಕಂಡುಬಂದಿಲ್ಲವೆಂದು ಸಮಿತಿ ವರದಿ ಕೊಟ್ಟಿತು. ಒಂದು ಜಿಲ್ಲೆಯಲ್ಲಿ ಒಂದು ತಿಂಗಳಲ್ಲಿ ಇಷ್ಟು ಜನ ಸತ್ತರು ಎಂಬ ಅಂಕಿ ತಾನಾಗಿ ಏನನ್ನೂ ಹೇಳುವುದಿಲ್ಲ; ಅದೇ ಜಿಲ್ಲೆಯಲ್ಲಿ ಹಿಂದಿನ ವರ್ಷ ಅದೇ ತಿಂಗಳು ಎಷ್ಟು, ಅದೇ ವಯಸ್ಸಿನವರಲ್ಲಿ ಎಷ್ಟು ಎಂಬ ಎರಡನೇ ಅಂಕಿ ಪಕ್ಕದಲ್ಲಿರಬೇಕು. ಕೋವಿಡ್ ಲಸಿಕೆಯೇ ಕಾರಣವೆಂಬ ಗುಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ದೇಶದ 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದೊಳಗಿನವರ ಕಾರಣ ತಿಳಿಯದ ಹಠಾತ್ ಸಾವಿನ 729 ಪ್ರಕರಣಗಳನ್ನು ತೆಗೆದುಕೊಂಡು, ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ವರು ಬದುಕಿರುವವರನ್ನು ಆರಿಸಿ, ಒಟ್ಟು 2,916 ಜನರೊಂದಿಗೆ ಹೋಲಿಸಿತು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಸಾವಿನ ಸಂಭವ ಕಡಿಮೆ ಕಂಡಿತು; ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ ಎರಡು ದಿನಗಳೊಳಗಿನ ಮಿತಿಮೀರಿದ ಕುಡಿತ, ಅತಿಯಾದ ದೈಹಿಕ ಶ್ರಮ ಇವೆಲ್ಲ ಸಂಭವ ಹೆಚ್ಚಿಸಿದ್ದು ಕಂಡಿತು. ಸತ್ತವರ ಮನೆಗಷ್ಟೇ ಹೋಗಿ ಲಸಿಕೆ ಹಾಕಿಸಿಕೊಂಡಿದ್ದರೇ ಎಂದು ಕೇಳಿದ್ದರೆ ಬಹುತೇಕ ಎಲ್ಲರೂ ಹೌದೆನ್ನುತ್ತಿದ್ದರು, ಏಕೆಂದರೆ ಬದುಕಿರುವವರಲ್ಲೂ ಬಹುತೇಕ ಎಲ್ಲರೂ ಹಾಕಿಸಿಕೊಂಡವರೇ. ಸತ್ತವರ ಬಗ್ಗೆ ಮಾತ್ರವಲ್ಲದೆ ಬದುಕಿರುವವರ ಬಗ್ಗೆಯೂ ಕೇಳಿದ್ದರಲ್ಲಿ ಆ ಅಧ್ಯಯನದ ಬೆಲೆ ಇದೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಹೋಲಿಕೆ ಇನ್ನೂ ಕಟ್ಟುನಿಟ್ಟಾಗಿರಬೇಕಾಗುತ್ತದೆ. ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹೊರಬಂದ ಕಾಲದಿಂದ ಅವರು ಪ್ರಯೋಗದ ತಾಕುಗಳನ್ನು ನೋಡಿದವರು. ಹೊಸ ತಳಿಯನ್ನು ಎರೆ ಹೊಲದಲ್ಲಿ, ಹಳೆಯದನ್ನು ಮಸಾರಿಯಲ್ಲಿ ಬಿತ್ತಿ ಹೊಸದೇ ಚಲೋ ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ಯಾವ ತಾಕಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ಬಲಗೊಂಡದ್ದು 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ. ವೈದ್ಯಕೀಯ ಪ್ರಯೋಗಗಳು ಅದನ್ನು ಆಮೇಲೆ ತಮ್ಮದಾಗಿಸಿಕೊಂಡವು.

ಹೀಗೆ ಪರೀಕ್ಷಿಸದೆ ಬರೀ ತರ್ಕವನ್ನು ನಂಬಿ ಔಷಧ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದ ಉದಾಹರಣೆ ಅಮೆರಿಕದ 'ಕಾಸ್ಟ್' ಅಧ್ಯಯನದ್ದು. ಹೃದಯಾಘಾತದಿಂದ ಬದುಕುಳಿದವರಲ್ಲಿ ಕೆಲವರಿಗೆ ನಡುನಡುವೆ ಹೃದಯದ ಬಡಿತ ಹೆಚ್ಚುವರಿಯಾಗಿ ಬೀಳುತ್ತದೆ, ಅಂಥವರು ಹಠಾತ್ತನೆ ಸಾಯುವ ಸಂಭವ ಹೆಚ್ಚು ಎಂಬುದು 1980ರ ದಶಕದ ವೈದ್ಯರಿಗೆ ಗೊತ್ತಿತ್ತು. ಆ ಬಡಿತಗಳನ್ನು ಅಡಗಿಸುವ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳಿದ್ದವು. ಬಡಿತ ಅಡಗಿದರೆ ಸಾವೂ ಅಡಗುತ್ತದೆ ಎಂಬುದು ಯಾರೂ ಎದುರಾಡಲಾಗದಂಥ ತರ್ಕ. ಹಲವು ವೈದ್ಯರು ಅದರಂತೆ ಬರೆದುಕೊಡುತ್ತಲೂ ಇದ್ದರು. ಕೊನೆಗೆ 1,498 ರೋಗಿಗಳನ್ನು ಎರಡು ಗುಂಪು ಮಾಡಿ, 755 ಜನರಿಗೆ ನಿಜವಾದ ಮಾತ್ರೆಯನ್ನೂ 743 ಜನರಿಗೆ ನೋಡಲು ಅದರಂತೆಯೇ ಇರುವ ಹುಸಿ ಮಾತ್ರೆಯನ್ನೂ ಕೊಟ್ಟು ಸರಾಸರಿ ಹತ್ತು ತಿಂಗಳು ನೋಡಿದರು. ಹುಸಿ ಮಾತ್ರೆ ನುಂಗಿದವರಲ್ಲಿ 26 ಜನ ಸತ್ತಿದ್ದರು, ನಿಜವಾದ ಮಾತ್ರೆ ನುಂಗಿದವರಲ್ಲಿ 63 ಜನ. ಇಸಿಜಿ ಪಟ್ಟಿಯ ಮೇಲೆ ಹೆಚ್ಚುವರಿ ಬಡಿತಗಳು ಅಡಗಿದ್ದು ನಿಜ, ರೋಗಿಗಳು ಹೆಚ್ಚು ಸತ್ತದ್ದೂ ನಿಜ. ಪ್ರಯೋಗವೇ ನಡೆಯದಿದ್ದರೆ ಈ ಸಾವುಗಳನ್ನು ಯಾರೂ ಮಾತ್ರೆಯ ಲೆಕ್ಕಕ್ಕೆ ಬರೆಯುತ್ತಿರಲಿಲ್ಲ, ಮೊದಲಿದ್ದ ಹೃದ್ರೋಗದ ಲೆಕ್ಕಕ್ಕೇ ಬರೆಯುತ್ತಿದ್ದರು.

ಇದಕ್ಕೆ ಉಲ್ಟಾ ಕಥೆ ಆಸ್ಪಿರಿನ್ನಿನದು. 1988ರಲ್ಲಿ ಪ್ರಕಟವಾದ 'ಐಸಿಸ್-2' ಅಧ್ಯಯನದಲ್ಲಿ 16 ದೇಶಗಳ 417 ಆಸ್ಪತ್ರೆಗಳಿಂದ, ಹೃದಯಾಘಾತದ ಶಂಕೆಯ ಮೇಲೆ ದಾಖಲಾದ 17,187 ರೋಗಿಗಳಿದ್ದರು. ಐದು ವಾರಗಳಲ್ಲಿ ಹೃದಯ-ರಕ್ತನಾಳದ ಕಾರಣಕ್ಕೆ ಸತ್ತವರು ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 11.8, ಆಸ್ಪಿರಿನ್ ಗುಂಪಿನಲ್ಲಿ ಶೇ 9.4. ರಕ್ತನಾಳ ಮುಚ್ಚಿದ ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡೂ ಸಿಕ್ಕವರಲ್ಲಿ ಅದು ಶೇ 8ಕ್ಕೆ ಇಳಿಯಿತು. ಎರಡೂ ಸಿಗದವರಲ್ಲಿ ಶೇ 13.2 ಇತ್ತು. ಯಾವ ಕಂಪನಿಗೂ ದೊಡ್ಡ ಲಾಭ ತರದ, ಕೆಲವೇ ಪೈಸೆಗಳ ಗುಳಿಗೆಯೊಂದು ನೂರರಲ್ಲಿ ಎರಡಕ್ಕೂ ಹೆಚ್ಚು ಜೀವ ಉಳಿಸುತ್ತದೆ ಎಂಬುದನ್ನು ಇಷ್ಟು ದೊಡ್ಡ ಎಣಿಕೆ ಇಲ್ಲದೆ ತೋರಿಸಲು ಆಗುತ್ತಿರಲಿಲ್ಲ. ಆ ಅಧ್ಯಯನದಲ್ಲೇ ಒಂದು ವಿನೋದವೂ ಇದೆ. ರೋಗಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಯಾರಿಗೆ ಫಲಿಸಿತು, ಯಾರಿಗೆ ಇಲ್ಲ ಎಂದು ತೋರಿಸಿರೆಂದು ಅದನ್ನು ಪ್ರಕಟಿಸಲಿದ್ದ ಪತ್ರಿಕೆಯ ಸಂಪಾದಕರು ಒತ್ತಾಯಿಸಿದಾಗ ಸಂಶೋಧಕರು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿ, ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲಿಲ್ಲ ಎಂದು ಅಚ್ಚು ಹಾಕಿಸಿದರು. ಲೆಕ್ಕ ತಪ್ಪಿರಲಿಲ್ಲ. ಗುಂಪು ಸಣ್ಣದಾದಷ್ಟೂ ಅಂಕಿ ಬೇಕಾದ ಕಡೆ ವಾಲುತ್ತದೆ ಎಂಬುದನ್ನು ತೋರಿಸುವುದೇ ಅವರ ಉದ್ದೇಶವಾಗಿತ್ತು. ಒಂದು ಜಿಲ್ಲೆಯ ಒಂದು ತಿಂಗಳ ಸಾವುಗಳ ಬಗ್ಗೆ ಮಾತಾಡುವಾಗ ಈ ಎರಡು ರಾಶಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಇನ್ನು ನಮ್ಮ ನೆಲದ ಮಾತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ನಡೆಸಿ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ 'ಕ್ರಿಯೇಟ್' ದಾಖಲಾತಿಯಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳ 20,937 ರೋಗಿಗಳ ವಿವರವಿದೆ. ಅದರಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಅಂಕಿಯ ಮೇಲೆ: ಎದೆನೋವು ಶುರುವಾದಾಗಿನಿಂದ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೆ ಮಧ್ಯದ ರೋಗಿಗೆ ಹಿಡಿದ ಸಮಯ 360 ನಿಮಿಷ. ಅಂದರೆ ಅರ್ಧದಷ್ಟು ಜನ ಆರು ಗಂಟೆ ಕಳೆದ ಮೇಲೆ ಬಂದರು. 1986ರಲ್ಲಿ ಇಟಲಿಯ 11,806 ರೋಗಿಗಳ ಮೇಲೆ ನಡೆದ 'ಜಿಸ್ಸಿ' ಪ್ರಯೋಗದ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೋವು ಶುರುವಾಗಿ ಒಂದು ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆರು ಗಂಟೆ ದಾಟಿದವರಲ್ಲಿ ಆ ಪ್ರಯೋಗಕ್ಕೆ ಸ್ಪಷ್ಟ ಲಾಭ ಕಾಣಲಿಲ್ಲ. (ತಡವಾಗಿ ಬಂದವರಿಗೂ ಸ್ವಲ್ಪ ಪ್ರಯೋಜನ ಉಂಟೆಂದು ಐಸಿಸ್-2 ಆಮೇಲೆ ತೋರಿಸಿತು, ಆದ್ದರಿಂದ ತಡವಾಯಿತೆಂದು ಯಾರೂ ಮನೆಯಲ್ಲೇ ಉಳಿಯಬಾರದು.) ಇದೇ ಕ್ರಿಯೇಟ್ ದಾಖಲಾತಿಯಲ್ಲಿ 30 ದಿನದೊಳಗೆ ಸತ್ತವರು ಶ್ರೀಮಂತರಲ್ಲಿ ಶೇ 5.5, ಬಡವರಲ್ಲಿ ಶೇ 8.2. ನಮ್ಮವರಿಗೆ ಈ ಕಾಯಿಲೆ ಬೇಗ ಬರುತ್ತದೆಂಬುದೂ ಸಾಬೀತಾದ ಮಾತು: 52 ದೇಶಗಳ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ಮೊದಲ ಹೃದಯಾಘಾತದ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ಅದನ್ನು ಮುನ್ನಡೆಸಿದ ಡಾ. ಸಲೀಂ ಯೂಸುಫ್ ವೈದ್ಯಕೀಯ ಕಲಿತದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿಯೇ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನಿಗೆ, ಮುಂಡರಗಿಯ ಕಡೆ ಶೇಂಗಾ ಕೀಳುವ ಹೆಣ್ಣುಮಗಳಿಗೆ ಎದೆ ಹಿಡಿದುಕೊಂಡರೆ ಮೊದಲು ಬರುವ ಮಾತು 'ಗ್ಯಾಸ್ ಆಗೇತಿ' ಎಂಬುದೇ. ಒಂದು ಸೋಡಾ, ಆಮೇಲೆ ಊರಿನ ಡಾಕ್ಟರರ ಒಂದು ಸೂಜಿ, ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಕೇಂದ್ರ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರು, ಹಾವೇರಿಯಿಂದ ಸುಮಾರು 75. ರಾಣೆಬೆನ್ನೂರಿನ ಕಡೆಯವರು ದಾವಣಗೆರೆಯತ್ತ ಹೊರಳುತ್ತಾರೆ. ಈ ದಾರಿಯಲ್ಲಿ ಹೊತ್ತು ಎಲ್ಲಿ ಕಳೆಯಿತು, ಸೋಡಾ ಕುಡಿದು ಕಾದದ್ದರಲ್ಲೋ, ಗಾಡಿ ಹುಡುಕಿದ್ದರಲ್ಲೋ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದ್ದರಲ್ಲೋ ಎಂಬುದು ಗೊತ್ತಾಗದೆ ಯಾವುದನ್ನು ಸರಿಪಡಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ನೈತಿಕ ಸಮಿತಿಯ ಕೆಲಸದಲ್ಲಿದ್ದಾಗ ಯುವ ವೈದ್ಯರೊಬ್ಬರು ಈ ವಿಳಂಬವನ್ನೇ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ ಆಯ್ದುಕೊಂಡಿದ್ದರು. ಅವರು ಕಲೆಹಾಕಿದ ಕಡತಗಳನ್ನು ನಾನೂ ತಿರುವಿ ನೋಡಿದೆ. ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ ರೋಗಿಗಳು ತಂದ ಇಸಿಜಿ ಪಟ್ಟಿಗಳು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಮಡಚಿ ಗೆರೆಬಿದ್ದಿದ್ದವು. ಆ ಕಾಗದ ಬಿಸಿಗೆ ಮೂಡುವಂಥದ್ದಾದ್ದರಿಂದ ಕೆಲವದರಲ್ಲಿ ಗೆರೆಗಳೇ ಮಾಸಿ ಹೋಗಿದ್ದವು. ಅದಕ್ಕಿಂತ ನನ್ನನ್ನು ಕಾಡಿದ್ದು ಪಟ್ಟಿಯ ಮೂಲೆಯಲ್ಲಿ ಯಂತ್ರವೇ ಮುದ್ರಿಸುವ ದಿನಾಂಕ ಮತ್ತು ಸಮಯ. ಮಧ್ಯಾಹ್ನ ಬಂದ ರೋಗಿಯ ಪಟ್ಟಿಯ ಮೇಲೆ ನಸುಕಿನ ಮೂರು ಗಂಟೆ. ಇನ್ನೊಂದರ ಮೇಲೆ ಎಷ್ಟೋ ವರ್ಷ ಹಿಂದಿನ ಜನವರಿ ಒಂದನೇ ತಾರೀಖು. ಯಂತ್ರ ಕೊಂಡಾಗಿನಿಂದ, ಇಲ್ಲವೇ ಬ್ಯಾಟರಿ ಬದಲಿಸಿದಾಗಿನಿಂದ ಗಡಿಯಾರಕ್ಕೆ ಯಾರೂ ಕೈ ಹಚ್ಚಿರಲಿಲ್ಲ. 'ನೋವು ಶುರುವಾದ ಸಮಯ' ಎಂಬ ಖಾನೆಯಲ್ಲಿ 'ಮುಂಜಾನೆಯಿಂದ' ಎಂದು ಬರೆದಿತ್ತು. ಅಂಥ ಕಡತಗಳನ್ನೆಲ್ಲ ಪಕ್ಕಕ್ಕಿಟ್ಟ ಮೇಲೆ ಆ ವೈದ್ಯರ ಕೈಯಲ್ಲಿ ಉಳಿದದ್ದು ಸ್ವಲ್ಪವೇ. ತಪ್ಪು ಯಾವೊಬ್ಬರದೂ ಅಲ್ಲ. ಆ ಸಮಯವನ್ನು ಯಾರೂ ಮುಂದೆ ಕೇಳುವುದಿಲ್ಲವೆಂದು ಗೊತ್ತಿರುವ ಕಡೆ ಅದನ್ನು ಯಾರೂ ಬರೆಯುವುದೂ ಇಲ್ಲ.

ರಾಜ್ಯದಲ್ಲಿ ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುವ, ಹೃದಯಾಘಾತವೇ ಆಗಿದ್ದರೆ ಹೆಪ್ಪು ಕರಗಿಸುವ, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಅದು. ಇದರ ಹಿಂದೆಯೂ ಸಂಶೋಧನೆ ಇದೆ. ಸ್ಟ್ರೆಪ್ಟೊಕೈನೇಸನ್ನು ಸುಮಾರು ಒಂದು ಗಂಟೆ ಹನಿಹನಿಯಾಗಿ ಏರಿಸಬೇಕು. ಟೆನೆಕ್ಟೆಪ್ಲೇಸನ್ನು ತೂಕ ನೋಡಿ ಒಂದೇ ಸಲಕ್ಕೆ ಕೊಡಬಹುದು. ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿಯನ್ನು ಒಂದು ಗಂಟೆಯೊಳಗೆ ಮಾಡಲಾಗದ ಕಡೆ ಬೇಗ ಬಂದ ರೋಗಿಗೆ ಇದನ್ನು ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ನೇರ ಆಂಜಿಯೋಪ್ಲಾಸ್ಟಿಗೆ ಹೆಚ್ಚುಕಡಿಮೆ ಸಮನಾದ ಫಲ ಕೊಡುತ್ತದೆಂದು 2013ರ 'ಸ್ಟ್ರೀಮ್' ಪ್ರಯೋಗ 1,892 ರೋಗಿಗಳಲ್ಲಿ ತೋರಿಸಿತು. ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗೆ ಜೋಡಿಸುವ ಇಂಥದೇ ಏರ್ಪಾಡನ್ನು ಜಾರಿಗೆ ತರುವ ಮೊದಲು ಮತ್ತು ತಂದ ಮೇಲೆ ಒಟ್ಟು 2,420 ರೋಗಿಗಳನ್ನು ಎಣಿಸಿದರು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿದಿತ್ತು. ಅಲ್ಲಿಯವರು ಯೋಜನೆ ಶುರು ಮಾಡುವ ಮೊದಲೇ ಎಣಿಸಿಟ್ಟುಕೊಂಡಿದ್ದರಿಂದ ಈ ಮಾತನ್ನು ಹೇಳಲು ಸಾಧ್ಯವಾಯಿತು. ನಮ್ಮಲ್ಲಿ ಯೋಜನೆಯಿಂದ ಇಷ್ಟು ಇಸಿಜಿ ಆಯಿತು, ಇಷ್ಟು ಚುಚ್ಚುಮದ್ದು ಕೊಟ್ಟೆವು ಎಂಬ ಪ್ರಕಟಣೆಗಳು ಬರುತ್ತವೆ. ರೋಣ, ಶಿರಹಟ್ಟಿ, ಹಿರೇಕೆರೂರು, ಕಲಘಟಗಿಗಳಲ್ಲಿ ಬಾಗಿಲಿನಿಂದ ಸೂಜಿಯವರೆಗೆ ಎಷ್ಟು ನಿಮಿಷ, ಸೂಜಿ ಪಡೆದವರಲ್ಲಿ 30ನೇ ದಿನ ಬದುಕಿದ್ದವರು ಎಷ್ಟು ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಿದರೆ ಯೋಜನೆಗೆ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಪರೀಕ್ಷೆಗಳ ಬಗ್ಗೆ ಎರಡು ಮಾತು. ಸುಮ್ಮನೆ ಮಲಗಿದ್ದಾಗ ತೆಗೆದ ಒಂದು ಇಸಿಜಿ, ನೋವೇ ಇಲ್ಲದ ಮನುಷ್ಯನ ರಕ್ತನಾಳದೊಳಗೆ ಏನಿದೆ ಎಂಬುದನ್ನು ಬಹುಮಟ್ಟಿಗೆ ಹೇಳಲಾರದು. ನೋವಿರುವವನಲ್ಲೂ ಮೊದಲ ಇಸಿಜಿ ಸರಿಯಾಗಿರಬಹುದು. ಆದ್ದರಿಂದಲೇ ಮತ್ತೆ ತೆಗೆಯುತ್ತಾರೆ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಟ್ರೊಪೊನಿನ್ ರಕ್ತದಲ್ಲಿ ಏರುತ್ತಿದೆಯೇ ಎಂದು ಗಂಟೆಗಳ ಅಂತರದಲ್ಲಿ ನೋಡುತ್ತಾರೆ. 'ಇಸಿಜಿ ನಾರ್ಮಲ್ ಐತಿ, ಮನಿಗೆ ಹೋಗ್ರಿ' ಎನ್ನುವುದಾಗಲಿ, ಅದನ್ನು ಕೇಳಿ ಹಿಗ್ಗುವುದಾಗಲಿ ಸರಿಯಲ್ಲ. ಸ್ಕಾಟ್‌ಲೆಂಡಿನ 'ಸ್ಕಾಟ್-ಹಾರ್ಟ್' ಅಧ್ಯಯನ ಇಲ್ಲಿ ಬಹಳ ಕಲಿಸುತ್ತದೆ. ಆಗಾಗ ಎದೆನೋವು ಬರುವ 4,146 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲು ತಪಾಸಣೆಯ ಜೊತೆ ಹೃದಯದ ರಕ್ತನಾಳಗಳ ಸಿಟಿ ಸ್ಕ್ಯಾನ್ ಕೂಡ ಮಾಡಿದರು. ಐದು ವರ್ಷದಲ್ಲಿ ಹೃದ್ರೋಗದ ಸಾವು ಅಥವಾ ಹೃದಯಾಘಾತ ಸ್ಕ್ಯಾನ್ ಆದವರಲ್ಲಿ ಶೇ 2.3, ಆಗದವರಲ್ಲಿ ಶೇ 3.9. ಸ್ಕ್ಯಾನ್ ತಾನಾಗಿ ಯಾರನ್ನೂ ಉಳಿಸುವುದಿಲ್ಲ. ಆಪರೇಷನ್, ಸ್ಟೆಂಟ್‌ಗಳ ಪ್ರಮಾಣವೂ ಐದು ವರ್ಷಕ್ಕೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಕಾಯಿಲೆ ಯಾರಿಗಿದೆ ಎಂದು ಖಚಿತವಾದ ಮೇಲೆ ಅವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್‌ನಂಥ ತಡೆಗಟ್ಟುವ ಮಾತ್ರೆಗಳು ಹೆಚ್ಚು ಸಿಕ್ಕವು. ಪರೀಕ್ಷೆ ಮಾಡಿಸಿ ಮಾತ್ರೆ ಬಿಟ್ಟರೆ ಪರೀಕ್ಷೆಯ ದುಡ್ಡು ದಂಡ.

ಸ್ಟೆಂಟಿನ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಹೊಲ ಒತ್ತೆಯಿಡುವ ಪ್ರಸಂಗ ಬರುವುದು ಇಲ್ಲಿಯೇ. ಹೃದಯಾಘಾತ ನಡೆಯುತ್ತಿರುವಾಗ ಮುಚ್ಚಿದ ರಕ್ತನಾಳವನ್ನು ತೆರೆಯುವುದು ಜೀವ ಉಳಿಸುವ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನಡೆದಾಗ ಮಾತ್ರ ಎದೆ ಬಿಗಿಯುವ, ವಿಶ್ರಾಂತಿಯಲ್ಲಿ ಇಳಿಯುವ ಸ್ಥಿರವಾದ ಕಾಯಿಲೆಯ ಮಾತು ಬೇರೆ. 2007ರ 'ಕರೇಜ್' ಪ್ರಯೋಗ 2,287 ಜನರಲ್ಲಿಯೂ, 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಪ್ರಯೋಗ ಭಾರತವೂ ಸೇರಿ 37 ದೇಶಗಳ 5,179 ಜನರಲ್ಲಿಯೂ ನೋಡಿದಾಗ, ಒಳ್ಳೆಯ ಔಷಧೋಪಚಾರದ ಮೇಲೆ ಸ್ಟೆಂಟ್ ಇಲ್ಲವೇ ಬೈಪಾಸ್ ಸೇರಿಸಿದ್ದರಿಂದ ಇಂಥವರಲ್ಲಿ ಸಾವು ಕಡಿಮೆಯಾಗಲಿಲ್ಲ. ನೋವು ಹೆಚ್ಚಿದ್ದವರಿಗೆ ನೋವಿನ ಉಪಶಮನ ಸಿಕ್ಕಿತು. ಎಡಭಾಗದ ಮುಖ್ಯ ರಕ್ತನಾಳದ ತಡೆ ಇದ್ದವರು, ಹೃದಯದ ಪಂಪಿಂಗ್ ತೀರಾ ಕುಗ್ಗಿದವರು ಇಸ್ಕೀಮಿಯಾ ಪ್ರಯೋಗದಲ್ಲಿ ಇರಲಿಲ್ಲ, ಅವರಿಗೆ ಈ ಮಾತು ಸಲ್ಲದು. ಆದ್ದರಿಂದ '70 ಪರ್ಸೆಂಟ್ ಬ್ಲಾಕ್ ಐತಿ' ಎಂಬ ಒಂದೇ ಅಂಕಿ ಕೇಳಿ ಆ ರಾತ್ರಿಯೇ ದುಡ್ಡು ಹೊಂದಿಸಲು ಓಡುವ ಮೊದಲು, ಇದು ಹೃದಯಾಘಾತವೇ, ಸ್ಥಿರವಾದ ಕಾಯಿಲೆಯೇ, ಸ್ಟೆಂಟ್ ಹಾಕಿದರೆ ಆಯುಷ್ಯ ಹೆಚ್ಚುತ್ತದೆಯೇ, ನೋವಷ್ಟೇ ಇಳಿಯುತ್ತದೆಯೇ ಎಂದು ಮನೆಯವರು ಕೇಳಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ನಮ್ಮ ಭಾಗದ ರೋಗಿಗಳು ಪ್ರಯೋಗಗಳಲ್ಲಿ ಇರಬೇಕೆಂದು ನಾನು ಒತ್ತಿ ಹೇಳಲು ಮುಖ್ಯ ಕಾರಣ 2022ರ 'ಇನ್‌ವಿಕ್ಟಸ್' ಅಧ್ಯಯನ. ಚಿಕ್ಕಂದಿನಲ್ಲಿ ಗಂಟಲುಬೇನೆಯ ಬೆನ್ನಿಗೆ ಬರುವ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಡುವುದು ಶ್ರೀಮಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆಯಾದ ಕಾಯಿಲೆ, ನಮ್ಮಲ್ಲಿ ಇನ್ನೂ ಇದೆ. ಕವಾಟ ಕೆಟ್ಟು ಬಡಿತ ತಾಳತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಹಳೆಯ ವಾರ್ಫರಿನ್ ಜಾತಿಯ ಮಾತ್ರೆ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆ ತಿಂಗಳು ತಿಂಗಳು ಮಾಡಿಸಬೇಕಾದದ್ದು ಅದರ ಕಿರಿಕಿರಿ. ಈ ಕಿರಿಕಿರಿ ಇಲ್ಲದ ಹೊಸ ರಿವರೊಕ್ಸಬಾನ್ ಬೇರೆ ಬಗೆಯ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, ಇವರಲ್ಲೂ ಮಾಡುತ್ತದೆಂಬುದು ಬಹುತೇಕ ಎಲ್ಲರ ನಿರೀಕ್ಷೆ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ 24 ದೇಶಗಳ 4,531 ರೋಗಿಗಳಲ್ಲಿ, ಅವರಲ್ಲಿ ಹತ್ತಕ್ಕೆ ಏಳು ಮಂದಿ ಹೆಂಗಸರು, ಪರೀಕ್ಷಿಸಿ ನೋಡಿದಾಗ ಪಾರ್ಶ್ವವಾಯು, ಸಾವು ಮೊದಲಾದ ಅನಾಹುತಗಳು ಹೊಸ ಮಾತ್ರೆಯ 2,275 ಜನರಲ್ಲಿ 560, ಹಳೆಯ ಮಾತ್ರೆಯ 2,256 ಜನರಲ್ಲಿ 446. ಹಳೆಯ ಅಗ್ಗದ ಮಾತ್ರೆಯೇ ಗೆದ್ದಿತು. ಯುರೋಪಿನ ರೋಗಿಗಳ ಅಂಕಿಗಳನ್ನು ನಂಬಿ ಹೊಸದಕ್ಕೆ ಹೊರಳಿದ್ದರೆ ನಷ್ಟ ನಮ್ಮ ಹೆಣ್ಣುಮಕ್ಕಳದಾಗುತ್ತಿತ್ತು. ಈ ಫಲಿತಾಂಶದಿಂದ ಆಡಳಿತ ಕಲಿಯಬೇಕಾದದ್ದೂ ಇದೆ: ಲಕ್ಷ್ಮೇಶ್ವರದ ಹೆಣ್ಣುಮಗಳು ಒಂದು ಐಎನ್‌ಆರ್ ಪರೀಕ್ಷೆಗಾಗಿ ಪ್ರತಿ ತಿಂಗಳು ಕೂಲಿ ಬಿಟ್ಟು ಹುಬ್ಬಳ್ಳಿಯ ಬಸ್ಸು ಹತ್ತುವ ಬದಲು ಆ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಸಿಗಬೇಕು.

ಪ್ರಯೋಗವೆಂದರೆ 'ನಮ್ಮನ್ನ ಇಲಿ ಮಾಡ್ತಾರ' ಎಂಬ ಅಂಜಿಕೆ ಜನರಲ್ಲಿದೆ, ಅದಕ್ಕೆ ಆಧಾರವೇ ಇಲ್ಲವೆಂದು ಹೇಳಲಾರೆ. ದೇಶದಲ್ಲಿ ನಡೆದ ಅಕ್ರಮಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದವು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಂತೆ ಈಗ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು, ಅರ್ಧದಷ್ಟು ಮಂದಿ ಹೊರಗಿನವರಾಗಿರಬೇಕು, ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಪ್ರತಿ ಪ್ರಯೋಗವನ್ನೂ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಮೊದಲೇ ದಾಖಲಿಸಬೇಕೆಂಬುದು 2009ರಿಂದ ಕಡ್ಡಾಯ. ಯಾರು ಬೇಕಾದರೂ ಅದನ್ನು ಪುಕ್ಕಟೆ ನೋಡಬಹುದು. ಸಮಿತಿಯ ಪರವಾಗಿ ಒಮ್ಮೆ ಒಪ್ಪಿಗೆ ಪಡೆಯುವ ಕ್ರಮವನ್ನು ನೋಡಲು ಹೋಗಿದ್ದೆ. ಕಲಘಟಗಿ ಕಡೆಯ ಹಿರಿಯ ರೈತರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, "ಅಲ್ರೀ ಡಾಕ್ಟ್ರ, ಯಾವ ಗುಳಗಿ ಚಲೋ ಅಂತ ನಿಮಗ ಗೊತ್ತಿಲ್ಲೇನು? ಚೀಟಿ ಎತ್ತಿ ಕೊಡ್ತೀನಿ ಅಂತೀರಲ್ಲ" ಎಂದರು. ಆ ವೈದ್ಯೆ ತಡವರಿಸಲಿಲ್ಲ. "ಗೊತ್ತಿಲ್ರೀ ಯಜಮಾನ್ರ. ಗೊತ್ತಿದ್ರ ಅದನ್ನ ಕೊಡ್ತಿದ್ವಿ, ಚೀಟಿ ಯಾಕ ಎತ್ತತಿದ್ವಿ?" ರೈತರು ಮಗನೊಂದಿಗೆ ಮಾತಾಡಿ ಮರುದಿನ ಹೇಳುತ್ತೇನೆಂದು ಎದ್ದು ಹೋದರು, ಮರುದಿನ ಬಂದು ಬೇಡವೆಂದರು. ಅವರ ಚಿಕಿತ್ಸೆ ಎಂದಿನಂತೆ ಮುಂದುವರಿಯಿತು. ನಾನು ಸಮಿತಿಗೆ ಕೊಟ್ಟ ವರದಿಯಲ್ಲಿ, ಒಪ್ಪಿಗೆಯ ಕ್ರಮ ಸರಿಯಾಗಿದೆ ಎಂದು ಬರೆಯಲು ಆ ನಿರಾಕರಣೆಯನ್ನೇ ಆಧಾರ ಮಾಡಿಕೊಂಡೆ.

ಪತ್ರಿಕೆಗಳಲ್ಲಿಯೂ ಒಂದು ವಿನಂತಿ. 'ಹೃದಯಾಘಾತ ಶೇ 31ರಷ್ಟು ತಗ್ಗಿಸುವ ಮಾತ್ರೆ' ಎಂಬಂಥ ತಲೆಬರಹ ಹಾಕುವಾಗ ಎಷ್ಟರಿಂದ ಎಷ್ಟಕ್ಕೆ ಎಂಬುದನ್ನೂ ಕೊಡಿ. 2021ರಲ್ಲಿ ಪ್ರಕಟವಾದ 'ಟಿಪ್ಸ್-3' ಪ್ರಯೋಗದಲ್ಲಿ ಹಲವು ಔಷಧಗಳನ್ನು ಸೇರಿಸಿದ ಒಂದೇ ಗುಳಿಗೆಯ ಜೊತೆ ಆಸ್ಪಿರಿನ್ ಕೊಟ್ಟಾಗ, ಮೊದಲು ಹೃದ್ರೋಗವಿಲ್ಲದ ಜನರಲ್ಲಿ ಸುಮಾರು ನಾಲ್ಕೂವರೆ ವರ್ಷಗಳಲ್ಲಿ ಹೃದಯ-ರಕ್ತನಾಳದ ಅನಾಹುತಗಳು ಶೇ 5.8ರಿಂದ ಶೇ 4.1ಕ್ಕೆ ಇಳಿದವು. ಶೇ 31 ಎಂಬುದೂ ಇದೇ, ಸಾವಿರಕ್ಕೆ 17 ಮಂದಿ ಪಾರಾದರು ಎಂಬುದೂ ಇದೇ. ಎರಡನೆಯದನ್ನು ಓದಿದವನು ಅಂಗಡಿಗೆ ಓಡುವ ಮೊದಲು ತನ್ನ ವೈದ್ಯರನ್ನು ಕೇಳುತ್ತಾನೆ, ಅದರಲ್ಲೂ ಆಸ್ಪಿರಿನ್ ಕೆಲವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ತರುವುದರಿಂದ ಕೇಳಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಬೇಡಿಕೆ ಸಣ್ಣದು. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ, ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು ಕೂಡಿ ಒಂದೇ ನಮೂನೆಯ ಹೃದಯಾಘಾತ ದಾಖಲಾತಿಯನ್ನು ಶುರು ಮಾಡಬೇಕು. ನೋವು ಶುರುವಾದ ಸಮಯ, ಮೊದಲು ಹೋದ ಜಾಗ, ಮೊದಲ ಇಸಿಜಿಯ ಸಮಯ, ಸೂಜಿಯ ಸಮಯ, ಬಂದ ವಾಹನ, 30ನೇ ದಿನ ಮತ್ತು ಒಂದು ವರ್ಷದ ಸ್ಥಿತಿ, ಇಷ್ಟಿದ್ದರೆ ಸಾಕು. ಹೆಸರು, ಫೋನು ನಂಬರುಗಳು ಆಸ್ಪತ್ರೆಯೊಳಗೇ ಉಳಿಯಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಸೋಮವಾರದಿಂದಲೇ ಮಾಡಬಹುದಾದ ಕೆಲಸವೆಂದರೆ ತಮ್ಮ ವ್ಯಾಪ್ತಿಯ ಪ್ರತಿ ಇಸಿಜಿ ಯಂತ್ರದ ಗಡಿಯಾರವನ್ನು ಸರಿಪಡಿಸುವಂತೆ, ಪಟ್ಟಿಯ ಒಂದು ಜೆರಾಕ್ಸ್ ಇಲ್ಲವೇ ಫೋಟೋ ತೆಗೆದು ಕಡತದಲ್ಲಿಡುವಂತೆ ಒಂದು ಸುತ್ತೋಲೆ ಹೊರಡಿಸುವುದು. ಆಸ್ಪತ್ರೆ ಬಿಟ್ಟವರಿಗೆ ತಿಂಗಳ ಮೇಲೆ ಫೋನು ಮಾಡಿ ವಿಚಾರಿಸಲು ಪ್ರತಿ ಕಾಲೇಜಿಗೆ ತರಬೇತಾದ ಒಬ್ಬ ಶುಶ್ರೂಷಕಿ ಬೇಕು, ಆ ಹುದ್ದೆಯ ಸಂಬಳ ಸರ್ಕಾರಕ್ಕೆ ಭಾರವೇನಲ್ಲ. ವರ್ಷದ ಕೊನೆಗೆ ಬರುವ ಅಂಕಿಗಳನ್ನು ಬಿಡಿಸಿ, ಕೋಷ್ಟಕ ಮಾಡಿ, ತಾಲ್ಲೂಕುವಾರು ಹೋಲಿಸಿ ಕೊಡಲು ನನ್ನಂಥ ನಿವೃತ್ತ ಅಧ್ಯಾಪಕರು ಧಾರವಾಡದಲ್ಲಿ ಬೇಕಾದಷ್ಟು ಜನ ಇದ್ದೇವೆ. ಕೂರಲು ಜಾಗ ಕೊಟ್ಟರೆ ಸಾಕು, ಸಂಭಾವನೆ ಬೇಡ.

ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ,
ಸಪ್ತಾಪುರ, ಧಾರವಾಡ